ಎಳೆಮಕ್ಕಳ ಪಾಲನೆ: ಹಳೆಯದರಲ್ಲಿ ಉಳಿಸಬೇಕಾದುದು, ಬಿಡಬೇಕಾದುದು

ಕಳೆದ ವರ್ಷ ಒಂದು ರಾಗಿ ಕ್ಷೇತ್ರೋತ್ಸವದಲ್ಲಿ ತಳಿಗಳ ವಿಚಾರ ಹೇಳಿ ಮುಗಿಸಿ, ರೈತರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದೆ. ಬೆಂಕಿ ರೋಗ, ಕೊಟ್ಟಿಗೆ ಗೊಬ್ಬರ, ಬೆಂಬಲ ಬೆಲೆ ಎಲ್ಲವೂ ಆಯಿತು. ಕೊನೆಗೆ ಹಿಂದಿನ ಸಾಲಿನಲ್ಲಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಹೆಣ್ಣುಮಗಳೊಬ್ಬಳು ಎದ್ದು ನಿಂತು ಕೇಳಿದಳು: “ಮೇಡಂ, ಮಗೂಗೆ ಏಳು ತಿಂಗಳಾಯ್ತು. ನಮ್ಮತ್ತೆ ರಾಗಿ ಸರಿ ಮಾಡಿ ತಿನ್ನಿಸು ಅಂತಾರೆ. ನಮ್ಮನೆಯವರು ಪೇಟೆಯಿಂದ ಡಬ್ಬ ತರ್ತಾರೆ. ಯಾವುದು ಕೊಡ್ಲಿ?”

ಕೆಲವರು ನಕ್ಕರು. ಇದನ್ನು ಡಾಕ್ಟರ ಹತ್ತಿರ ಕೇಳಮ್ಮ ಎಂದವರೂ ಇದ್ದರು. ಆದರೆ ಆ ಪ್ರಶ್ನೆ ರಾಗಿ ಹೊಲದಲ್ಲಿಯೇ ಕೇಳತಕ್ಕ ಪ್ರಶ್ನೆ ಎಂದು ನನಗೆ ಅನ್ನಿಸಿತು. ದಕ್ಷಿಣ ಕರ್ನಾಟಕದಲ್ಲಿ ಮಗುವಿನ ಮೊದಲ ತುತ್ತು ನಮ್ಮ ಹೊಲದಿಂದ ಬರುತ್ತದೆ. ಅದೇ ಹೊಲದ ಕಳೆ, ನಾಟಿ, ಕಟಾವಿನ ದಿನಗಳಲ್ಲಿಯೇ ತಾಯಿಗೆ ಮಗುವಿನ ಕಡೆ ನೋಡಲು ಬಿಡುವಿರುವುದಿಲ್ಲ. ಆದ್ದರಿಂದ ಎಳೆಮಗುವಿನ ಪಾಲನೆ ಹೆಂಗಸರ ವಿಷಯ ಮಾತ್ರವಲ್ಲ. ಅದು ಬೇಸಾಯಗಾರನ ವಿಷಯವೂ ಹೌದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. ಕಣಜದಲ್ಲಿ ಧಾನ್ಯವಿರುವ ಮನೆಗಳಲ್ಲಿಯೂ ಇಂತಹ ಮಕ್ಕಳು ಇದ್ದಾರೆ. ಹಾಗಾದರೆ ತಪ್ಪುವುದು ಎಲ್ಲಿ? ಅದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಹಳೆಯದು ಹೊಸದು ಎಂಬ ಅಳತೆ ಸಾಲದು

ನಮ್ಮ ಹಳ್ಳಿಗಳಲ್ಲಿ ಎರಡು ಬಗೆಯ ವಾದಗಳಿವೆ. ಹಿರಿಯರು ಮಾಡಿದ್ದೆಲ್ಲವೂ ಸರಿ ಎಂಬುದು ಒಂದು. ಹಿರಿಯರದ್ದೆಲ್ಲವೂ ಮೌಢ್ಯ, ಪೇಟೆಯಿಂದ ಬಂದದ್ದೇ ವಿಜ್ಞಾನ ಎಂಬುದು ಇನ್ನೊಂದು. ಬೇಸಾಯದಲ್ಲಿ ನಾವು ಹೀಗೆ ಯೋಚಿಸುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟದ್ದು ಹೇಗೆ? ನಮ್ಮ ನಾಡ ರಾಗಿಯನ್ನು ಅವರು ಎಸೆಯಲಿಲ್ಲ. ಆಫ್ರಿಕಾದ ರಾಗಿಯನ್ನು ಹಾಗೆಯೇ ತಂದು ಬಿತ್ತಿ ಎಂದೂ ಹೇಳಲಿಲ್ಲ. ಎರಡನ್ನೂ ಸಂಕರ ಮಾಡಿ, ಸಾಲು ಸಾಲಾಗಿ ಬೆಳೆದು ನೋಡಿ, ಗುಣವಿದ್ದುದನ್ನು ಮಾತ್ರ ಉಳಿಸಿಕೊಂಡರು.

ಮಗುವಿನ ಪಾಲನೆಯಲ್ಲಿಯೂ ಇದೇ ಕ್ರಮ ಆಗಬೇಕು. ಪ್ರತಿಯೊಂದು ಪದ್ಧತಿಯ ಮುಂದೆಯೂ ಮೂರು ಪ್ರಶ್ನೆ ಇಡಿ. ಇದರಿಂದ ಮಗುವಿನ ಹೊಟ್ಟೆಗೆ ಪೋಷಣೆ ಹೆಚ್ಚುತ್ತದೆಯೇ? ಇದರಿಂದ ರೋಗ ತಗಲುವ ದಾರಿ ಮುಚ್ಚುತ್ತದೆಯೇ, ತೆರೆಯುತ್ತದೆಯೇ? ಇದರಿಂದ ತಾಯಿಯ ಶ್ರಮ ಕಡಿಮೆಯಾಗುತ್ತದೆಯೇ, ಹೆಚ್ಚುತ್ತದೆಯೇ? ಉತ್ತರ ಬಂದಂತೆ ಉಳಿಸಿ ಇಲ್ಲವೇ ಬಿಡಿ.

ಕರುವಿಗೆ ಗಿಣ್ಣು, ಕೂಸಿಗೆ ಸಕ್ಕರೆ ನೀರು!

ಹಸು ಈದಾಗ ರೈತ ಮಾಡುವ ಮೊದಲ ಕೆಲಸ ಕರುವನ್ನು ಕೆಚ್ಚಲಿಗೆ ಬಿಡುವುದು. ಗಿಣ್ಣು ಹಾಲು ಕುಡಿಯದ ಕರು ಉಳಿಯುವುದು ಕಷ್ಟವೆಂದು ಅಕ್ಷರ ಬಾರದ ದನಗಾಹಿಯೂ ಬಲ್ಲ. ಕರು ತಾಯಿಯ ಗರ್ಭದಲ್ಲಿರುವಾಗ ಅದಕ್ಕೆ ರೋಗನಿರೋಧಕ ಅಂಶಗಳು ಬರುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಮನುಷ್ಯರ ಮಗುವಿಗೆ ಗರ್ಭದಲ್ಲಿಯೇ ಸ್ವಲ್ಪ ರಕ್ಷಣೆ ದೊರೆಯುತ್ತದೆ. ಆದರೂ ಕರುಳು, ಗಂಟಲುಗಳನ್ನು ಕಾಯುವ ಅಂಶಗಳು ತಾಯಿಯ ಮೊದಲ ದಿನಗಳ ಗಟ್ಟಿಯಾದ ಹಳದಿ ಹಾಲಿನಲ್ಲಿ ಹೇರಳವಾಗಿವೆ.

ಹೀಗಿದ್ದೂ ಎಷ್ಟೋ ಮನೆಗಳಲ್ಲಿ ಇದೇ ಹಾಲನ್ನು ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುತ್ತಿದ್ದರು. ಈಗಲೂ ಕೆಲವೆಡೆ ಚೆಲ್ಲುತ್ತಾರೆ. ಅದರ ಬದಲು ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ, ಕತ್ತೆಹಾಲು ನೆಕ್ಕಿಸುವುದುಂಟು. ಇವು ಯಾವುವೂ ಬೇಡ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ಕೊಡಲೇಕೂಡದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು. ಕತ್ತೆಹಾಲನ್ನು ಬೀದಿಯಲ್ಲಿ ಕರೆದು ಕಾಯಿಸದೆ ಕುಡಿಸುತ್ತಾರೆ. ಅದರಿಂದ ಮಗುವಿಗೆ ಲಾಭಕ್ಕಿಂತ ಸೋಂಕಿನ ಭಯವೇ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಸರಳವಾಗಿದೆ. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಬೇಸಿಗೆಯಲ್ಲಿಯೂ ನೀರು ಬೇಕಿಲ್ಲ. ಆರು ತಿಂಗಳಾದ ಮೇಲೆ ಮೇಲಾಹಾರದ ಜೊತೆಗೆ ಎರಡು ವರ್ಷದವರೆಗೆ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಯಬೇಕು. ನಮ್ಮ ಅಜ್ಜಿಯರು ಎರಡು ಮೂರು ವರ್ಷ ಹಾಲೂಡಿಸುತ್ತಿದ್ದುದು ಸರಿಯಾದ ಪದ್ಧತಿಯೇ. ಮೊದಲ ಹಾಲು ಚೆಲ್ಲಿದ್ದು ಮಾತ್ರ ತಪ್ಪು.

ಬಾಣಂತಿ ಕೋಣೆಯ ಪದ್ಧತಿಗಳು

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದರು. ಹಿರಿಯ ಹೆಂಗಸರ ಕೈಯ ಅನುಭವವನ್ನು ಹಗುರವಾಗಿ ಕಾಣಬಾರದೆಂಬುದಕ್ಕೆ ಅವರೇ ಸಾಕ್ಷಿ. ಆ ಅನುಭವದಲ್ಲಿ ಉಳಿಸಬೇಕಾದವು ಹಲವು.

ಉಳಿಸಬೇಕಾದವು: ಹೆರಿಗೆಯ ನಂತರ ತವರಿನಲ್ಲಿ ಮೂರು ತಿಂಗಳ ವಿಶ್ರಾಂತಿ ಬಹಳ ಒಳ್ಳೆಯ ಏರ್ಪಾಡು. ಬಾಣಂತಿಗೆ ತುಪ್ಪ, ಮೆಂತ್ಯ, ಬೆಳ್ಳುಳ್ಳಿ, ಕೊಬ್ಬರಿ ಹಾಕಿದ ಊಟವೂ ಒಳ್ಳೆಯದೇ. ಮಗುವಿಗೆ ಕೊಬ್ಬರಿ ಎಣ್ಣೆಯಿಂದ ಮೃದುವಾಗಿ ಮೈ ತಿಕ್ಕುವುದರಿಂದ ಚರ್ಮ ಒಣಗುವುದಿಲ್ಲ, ಕೂಸು ಚೆನ್ನಾಗಿ ನಿದ್ರಿಸುತ್ತದೆ. ತಾಯಿಯ ಮಗ್ಗುಲಲ್ಲಿ ಬೆಚ್ಚಗೆ ಮಲಗಿಸುವುದು, ಹಳೆಯ ಮೆತ್ತನೆಯ ಹತ್ತಿ ಬಟ್ಟೆಯನ್ನು ಒಗೆದು ಬಿಸಿಲಿನಲ್ಲಿ ಒಣಗಿಸಿ ಉಪಯೋಗಿಸುವುದು ಸಹ ಮುಂದುವರಿಯಲಿ. ಹಾಲು ಚೀಪಲಾರದ ಮಗುವಿಗೆ ಹಿಂಡಿದ ಎದೆಹಾಲನ್ನು ಒಳಲೆಯಿಂದ ಕುಡಿಸುವ ಪದ್ಧತಿಯನ್ನು ಇಂದು ಆಸ್ಪತ್ರೆಗಳಲ್ಲಿಯೂ ಅನುಸರಿಸುತ್ತಾರೆ. ಒಳಲೆಯನ್ನು ತಿಕ್ಕಿ ತೊಳೆದು ಕುದಿಸುವುದು ಸುಲಭ. ಬಾಟಲಿಯ ರಬ್ಬರು ತೊಟ್ಟಿನ ಒಳಗೆ ಕೈ ಹೋಗುವುದಿಲ್ಲ. ಅಲ್ಲಿ ಉಳಿದ ಹಾಲು ಹಳಸಿ ಮಗುವಿಗೆ ಭೇದಿ ತರುತ್ತದೆ.

ಬಿಡಬೇಕಾದವು: ಹೊಕ್ಕುಳ ಬಳ್ಳಿಗೆ ಬೂದಿ, ಸಗಣಿ, ಅರಿಶಿನ ಹಚ್ಚಬಾರದು, ಅದು ಒಣಗಿ ತಾನಾಗಿಯೇ ಬೀಳಲಿ. ಸಗಣಿ ಮಣ್ಣುಗಳಲ್ಲಿ ಧನುರ್ವಾಯುವಿನ ಜೀವಾಣು ಇರುತ್ತದೆ. ಗರ್ಭಿಣಿಯರಿಗೆ ಲಸಿಕೆ ಮತ್ತು ಶುದ್ಧ ಹೆರಿಗೆಗಳಿಂದ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ಸಮಸ್ಯೆಯಾಗಿ ಉಳಿಯದಷ್ಟು ಕಡಿಮೆಯಾದುದನ್ನು ಭಾರತ 2015ರಲ್ಲಿ ಸಾಧಿಸಿತು. ಈ ಗೆಲುವು ಕೈಬಿಡಬಾರದು. ಹುಟ್ಟಿದ ದಿನವೇ ಕೂಸಿಗೆ ಸ್ನಾನ ಬೇಡ. ಮೂಗು ಕಿವಿಗಳಿಗೆ ಎಣ್ಣೆ ಬಿಡುವುದು ಅಪಾಯ. ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಹಾಕುವುದು, ಬಜೆ ತೇಯ್ದು ನೆಕ್ಕಿಸುವುದು, ಕಣ್ಣಿಗೆ ಕಾಡಿಗೆ ತೀಡುವುದು ಬೇಡ. ಮಗು ಅತ್ತರೆ, ಕಾಮಾಲೆ ಕಂಡರೆ ಬರೆ ಹಾಕುವುದು ಪಾಪದ ಕೆಲಸ. ಬಾಣಂತಿಗೆ ನೀರು, ಸೊಪ್ಪು, ಹಣ್ಣು ಕೊಡದಿರುವುದು ಇನ್ನೊಂದು ತಪ್ಪು. ಹಾಲು ಕರೆಯುವ ಹಸುವಿಗೆ ನೀರು ಹಸಿಮೇವು ತಪ್ಪಿಸುವ ರೈತ ಯಾರಾದರೂ ಇದ್ದಾನೆಯೇ?

ಆರು ತಿಂಗಳ ನಂತರ: ನನ್ನ ಮನೆಯಲ್ಲಿ ಆದ ತಪ್ಪು

ಮಗು ಹೆಚ್ಚಾಗಿ ಹಿಂದೆ ಬೀಳುವುದು ಆರು ತಿಂಗಳಿಂದ ಎರಡು ವರ್ಷದ ನಡುವೆ. ಆರು ತಿಂಗಳಿಗೆ ಗರ್ಭದಿಂದ ತಂದ ಕಬ್ಬಿಣದ ಸಂಗ್ರಹ ಮುಗಿಯುತ್ತ ಬರುತ್ತದೆ, ಎದೆಹಾಲೊಂದೇ ಸಾಲದಾಗುತ್ತದೆ. ಈ ಕಾಲದಲ್ಲಿ ನನ್ನ ಮನೆಯಲ್ಲಿಯೇ ಆದ ತಪ್ಪನ್ನು ಹೇಳಿದರೆ ಓದುಗರಿಗೆ ವಿಷಯ ಸ್ಪಷ್ಟವಾದೀತು.

ನನ್ನ ಮೊದಲ ಮಗ ಹುಟ್ಟಿದ್ದು 2009ರಲ್ಲಿ. ಅಷ್ಟರಲ್ಲಿ ನಾನು ಡಾಕ್ಟರೇಟ್ ಮುಗಿಸಿ ವಿದ್ಯಾರ್ಥಿಗಳಿಗೆ ರಾಗಿ ಬೇಸಾಯವನ್ನೇ ಪಾಠ ಮಾಡುತ್ತಿದ್ದೆ. ಏಳನೆಯ ತಿಂಗಳಿಗೆ ಕೆಲಸಕ್ಕೆ ಮರಳಿದೆ; ಮಗುವನ್ನು ನಮ್ಮತ್ತೆ ನೋಡಿಕೊಂಡರು. ಅವರು ರಾಗಿಯನ್ನು ನೆನೆಹಾಕಿ, ರುಬ್ಬಿ, ಮೂರು ಪದರದ ಬಟ್ಟೆಯಲ್ಲಿ ಹಿಂಡಿ, ಹಾಲು ತೆಗೆದು, ನೀರು ಸೇರಿಸಿ ಕಾಯಿಸಿ ಕುಡಿಸುತ್ತಿದ್ದರು. ಮಗುವಿಗೆ ಅಜೀರ್ಣವಾಗಬಾರದೆಂದು ಅಷ್ಟು ಶ್ರಮ. ನಾನು ಸಂಜೆ ಬಂದು ಡಬ್ಬದ ಹಿಟ್ಟನ್ನು, ಗಂಟಲಲ್ಲಿ ಸಿಕ್ಕೀತೆಂದು, ತೆಳ್ಳಗೆ ಕಲಸಿ ಕೊಡುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಮಗು ಹೊಟ್ಟೆ ತುಂಬ ಕುಡಿಯುತ್ತಿತ್ತು. ಒಂಬತ್ತನೆಯ ತಿಂಗಳಲ್ಲಿ ತೂಕ ನೋಡಿದರೆ ಎರಡು ತಿಂಗಳಿಂದ ಅಲ್ಲಿಯೇ ನಿಂತಿತ್ತು. ತಾಯಿ ಕಾರ್ಡಿನ ಹಸಿರು ಪಟ್ಟಿಯಲ್ಲಿ ಏರುತ್ತಿದ್ದ ಗೆರೆ ಅಡ್ಡಲಾಗಿ ಹಳದಿಗೆ ಜಾರಿತ್ತು.

ಊರಿನ ಅಂಗನವಾಡಿ ಕಾರ್ಯಕರ್ತೆ ಮನೆಗೆ ಬಂದು, ನಾನು ಮಾಡಿದ ಗಂಜಿಯನ್ನು ಚಮಚದಲ್ಲಿ ತೆಗೆದು ಓರೆ ಮಾಡಿದಳು. ಅದು ನೀರಿನಂತೆ ಹರಿದುಹೋಯಿತು. “ಅಕ್ಕಾ, ಇದು ಊಟ ಅಲ್ಲ, ನೀರು. ಮಗು ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ” ಎಂದಳು. ನನಗೂ ನಮ್ಮತ್ತೆಯವರಿಗೂ ಮಾತು ಹೊರಡಲಿಲ್ಲ. ಹಳೆಯ ಪದ್ಧತಿಯ ಅವರೂ ಹೊಸ ಪದ್ಧತಿಯ ನಾನೂ ಒಂದೇ ತಪ್ಪು ಮಾಡಿದ್ದೆವು; ಇಬ್ಬರೂ ಮಗುವಿಗೆ ನೀರು ಉಣಿಸಿದ್ದೆವು.

ಲೆಕ್ಕ ಮಾಡಿ ನೋಡಿ. ಎಳೆಮಗುವಿನ ಹೊಟ್ಟೆ ಹಿಡಿಯುವುದು ಅದರ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ಏಳು ಕೆ.ಜಿ. ಮಗುವಿನ ಹೊಟ್ಟೆ ಒಂದು ಲೋಟದಷ್ಟು. ಆ ಒಂದು ಲೋಟದಲ್ಲಿ ಹತ್ತು ಗ್ರಾಂ ಹಿಟ್ಟಿದೆಯೇ, ನಲವತ್ತು ಗ್ರಾಂ ಇದೆಯೇ ಎಂಬುದರ ಮೇಲೆ ಬೆಳವಣಿಗೆ ನಿಂತಿದೆ. ಬಟ್ಟೆಯಲ್ಲಿ ಹಿಂಡುವುದರಿಂದ ಇನ್ನೊಂದು ನಷ್ಟವೂ ಇದೆ. ರಾಗಿಯ ಹೆಸರುವಾಸಿಯಾದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸಿಪ್ಪೆಯಲ್ಲಿ ಹೆಚ್ಚಾಗಿದೆ. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದ್ದರೆ ಅಷ್ಟೇ ಅಕ್ಕಿಯಲ್ಲಿ ಇರುವುದು ಸುಮಾರು 10 ಮಿ.ಗ್ರಾಂ. ಈ ಸಂಪತ್ತಿನಲ್ಲಿ ಬಹಳಷ್ಟನ್ನು ನಾವು ಬಟ್ಟೆಯಲ್ಲಿ ಉಳಿಸಿ ದನದ ಕಲಗಚ್ಚಿಗೆ ಹಾಕುತ್ತಿದ್ದೆವು.

ಮೊಳಕೆಯಲ್ಲಿರುವ ಗುಣ

ಹಾಗಾದರೆ ಹಿಟ್ಟು ಹೆಚ್ಚು ಹಾಕಿದರಾಯಿತಲ್ಲ ಎನ್ನಬಹುದು. ಸಾದಾ ರಾಗಿ ಹಿಟ್ಟನ್ನು ಹೆಚ್ಚು ಹಾಕಿ ಬೇಯಿಸಿದರೆ ಅದರ ಪಿಷ್ಟ ನೀರು ಹೀರಿ ಉಬ್ಬಿ ಅಂಟಿನ ಮುದ್ದೆಯಾಗುತ್ತದೆ, ಮಗು ನುಂಗಲಾರದು. ತೆಳ್ಳಗೆ ಮಾಡಿದರೆ ಸತ್ವವಿಲ್ಲ. ಈ ತೊಡಕಿಗೆ ನಮ್ಮ ಹಿರಿಯರಲ್ಲಿಯೇ ಪರಿಹಾರವಿತ್ತು. ಅದೇ ಮೊಳಕೆ ರಾಗಿ.

ಕಾಳು ಮೊಳೆಯುವಾಗ ಸಸಿಗೆ ಆಹಾರ ಒದಗಿಸಲು ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡು ತುಂಡು ಮಾಡುತ್ತದೆ. ಆದ್ದರಿಂದ ಮೊಳಕೆ ಹಿಟ್ಟಿನ ಸರಿ ಅಷ್ಟಾಗಿ ಅಂಟುವುದಿಲ್ಲ. ಅದೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಮಗು ಸುಲಭವಾಗಿ ನುಂಗುತ್ತದೆ, ಬೇಗ ಜೀರ್ಣವಾಗುತ್ತದೆ. ಕಬ್ಬಿಣವನ್ನು ಮೈಗೆ ಸೇರದಂತೆ ಹಿಡಿದಿಡುವ ಫೈಟೇಟ್ ಅಂಶವೂ ಮೊಳಕೆಯಲ್ಲಿ ಕಡಿಮೆಯಾಗುತ್ತದೆ.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 1980ರ ದಶಕದಲ್ಲಿ ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳು ಸೇರಿಸಿದ ಶಿಶು ಆಹಾರವನ್ನು ರೂಪಿಸಿದರು. ಕಾಳು ಏಕೆ ಬೇಕು? ರಾಗಿಯ ಸಸಾರಜನಕದಲ್ಲಿ ಲೈಸಿನ್ ಕಡಿಮೆ, ಮಿಥಿಯೋನಿನ್ ಚೆನ್ನಾಗಿದೆ. ಬೇಳೆಕಾಳುಗಳಲ್ಲಿ ಇದಕ್ಕೆ ವಿರುದ್ಧ. ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ರೈತರು ರಾಗಿ ಹೊಲದಲ್ಲಿ ಅವರೆ, ತೊಗರಿಗಳ ಅಕ್ಕಡಿ ಸಾಲು ಬಿಡುತ್ತಿದ್ದುದನ್ನು ನೆನೆಯಿರಿ. ಹೊಲದಲ್ಲಿ ಜೊತೆಯಾಗಿದ್ದ ರಾಗಿಯೂ ಕಾಳೂ ಮಗುವಿನ ಬಟ್ಟಲಿನಲ್ಲಿ ಬೇರೆಯಾಗಬೇಕಿಲ್ಲ. ಅಕ್ಕಡಿ ಬಿಟ್ಟು ಬರಿಯ ರಾಗಿ ಬಿತ್ತುವ ಮನೆಯಲ್ಲಿ ಮಗುವಿನ ಬೇಳೆ ಅಂಗಡಿಯಿಂದ ಬರಬೇಕಾಗುತ್ತದೆ. ಬೆಲೆ ಏರಿದಾಗ ಅದು ಬರುವುದೇ ಇಲ್ಲ.

ತಯಾರಿಸುವ ಕ್ರಮ

ಒಂದು ಕೆ.ಜಿ. ಹಿಟ್ಟಿಗೆ ರಾಗಿ 700 ಗ್ರಾಂ, ಹೆಸರುಕಾಳು 300 ಗ್ರಾಂ ಪ್ರಮಾಣವಿರಲಿ. ಒಣಗಿಸಿ ಉಜ್ಜುವಾಗ ಸ್ವಲ್ಪ ಕಳೆಯುವುದರಿಂದ ತುಸು ಹೆಚ್ಚಾಗಿಯೇ ತೆಗೆದುಕೊಳ್ಳಿ.

1. ಕಲ್ಲು, ಮಣ್ಣು, ಹೊಟ್ಟು ತೆಗೆದು, ನೀರು ತಿಳಿಯಾಗುವವರೆಗೆ ನಾಲ್ಕೈದು ಬಾರಿ ತೊಳೆಯಿರಿ.

2. ರಾಗಿ ಮತ್ತು ಹೆಸರನ್ನು ಬೇರೆ ಬೇರೆಯಾಗಿ ಸುಮಾರು 12 ಗಂಟೆ ನೆನೆಹಾಕಿ. ನಡುವೆ ಒಮ್ಮೆ ನೀರು ಬದಲಿಸಿ.

3. ನೀರು ಬಸಿದು, ಶುಭ್ರವಾದ ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ತೂಗುಹಾಕಿ. ಆಗಾಗ ಶುದ್ಧ ನೀರು ಚಿಮುಕಿಸಿ. ಹೆಸರುಕಾಳು ಒಂದು ದಿನದಲ್ಲಿ, ರಾಗಿ ಒಂದೂವರೆಯಿಂದ ಎರಡು ದಿನದಲ್ಲಿ ಮೊಳೆಯುತ್ತದೆ. ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಹೊತ್ತು ಬೇಕು. ಹುಳಿ ವಾಸನೆ, ಲೋಳೆ ಅಥವಾ ಬೂಷ್ಟು ಕಂಡರೆ ಪೂರ್ತಿಯಾಗಿ ಗೊಬ್ಬರದ ಗುಂಡಿಗೆ ಹಾಕಿ. ಮೇಲಿನದನ್ನು ತೆಗೆದು ಕೆಳಗಿನದನ್ನು ಉಪಯೋಗಿಸಬಾರದು.

4. ಶುಭ್ರವಾದ ಬಟ್ಟೆಯ ಮೇಲೆ ತೆಳ್ಳಗೆ ಹರಡಿ, ಮೇಲೆ ತೆಳುಬಟ್ಟೆ ಹೊದಿಸಿ, ಬಿಸಿಲಿನಲ್ಲಿ ಒಣಗಿಸಿ. ಹಲ್ಲಿಗೆ ಕಡಿದರೆ ಕಟಕ್ಕೆಂದು ಒಡೆಯಬೇಕು.

5. ಅಂಗೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ, ಮೊಳಕೆಯ ಬೇರುಗಳನ್ನು ತೆಗೆಯಿರಿ.

6. ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಮಾತ್ರ ಬೆಚ್ಚಗೆ ಮಾಡಿ. ಕಪ್ಪಾಗುವಂತೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ. ಮೊಳಕೆ ಮಾಡಿದ ಶ್ರಮ ವ್ಯರ್ಥ. ಹೆಸರನ್ನು ಬೆಚ್ಚಗೆ ಮಾಡಿದ ನಂತರ ಒಡೆದು ಸಿಪ್ಪೆ ಕೇರಿ ತೆಗೆಯಿರಿ.

7. ಎರಡನ್ನೂ ನುಣ್ಣಗೆ ಬೀಸಿ ವಂದರಿಯಲ್ಲಿ ಒಮ್ಮೆ ಜರಡಿ ಹಿಡಿದು ಬೆರೆಸಿ. ಗಿರಣಿಯಲ್ಲಿ ಬೀಸಿಸುವುದಾದರೆ ಮೆಣಸಿನಕಾಯಿ ಬೀಸಿದ ಹಿಂದೆಯೇ ಕೊಡಬೇಡಿ. ಬಟ್ಟೆಯಲ್ಲಿ ಸೋಸುವ ಅಗತ್ಯವಿಲ್ಲ.

8. ಒಣಗಿದ ಡಬ್ಬದಲ್ಲಿ ಗಾಳಿಯಾಡದಂತೆ ಮುಚ್ಚಿಡಿ. ಒಂದು ತಿಂಗಳಿಗೆ ಸಾಕಾಗುವಷ್ಟು ಮಾತ್ರ ಮಾಡಿಕೊಳ್ಳಿ.

ಬೇಯಿಸುವ ವಿಧಾನ: ಅರ್ಧ ಲೋಟ, ಅಂದರೆ ಸುಮಾರು 100 ಮಿ.ಲೀ. ತಣ್ಣೀರಿನಲ್ಲಿ ಎರಡು ದೊಡ್ಡ ಚಮಚ ಹಿಟ್ಟನ್ನು ಗಂಟಿಲ್ಲದಂತೆ ಕದಡಿ ಸಣ್ಣ ಉರಿಯಲ್ಲಿಡಿ. ನಿಧಾನವಾಗಿ ಬಿಸಿಯಾಗುವಾಗಲೇ ಕಿಣ್ವ ಕೆಲಸ ಮಾಡುತ್ತದೆ; ಕುದಿಯುವ ನೀರಿಗೆ ಹಿಟ್ಟು ಸುರಿದರೆ ಆ ಅವಕಾಶವಿಲ್ಲ. ಕುದಿ ಬಂದ ಮೇಲೆ ಐದಾರು ನಿಮಿಷ ತಿರುವುತ್ತ ಚೆನ್ನಾಗಿ ಬೇಯಿಸಿ, ಇಳಿಸಿ, ಅರ್ಧ ಚಮಚ ತುಪ್ಪ ಸೇರಿಸಿ. ಚಮಚ ಓರೆ ಮಾಡಿದರೆ ಹರಿದು ಬೀಳದೆ ನಿಲ್ಲುವಂತಿರಬೇಕು. ಹರಿದರೆ ಮುಂದಿನ ಸಲ ಹಿಟ್ಟು ಹೆಚ್ಚಿಸಿ. ಸಕ್ಕರೆ, ಉಪ್ಪು ಬೇಡ. ಸಿಹಿ ಬೇಕೆನಿಸಿದರೆ ಹಿಸುಕಿದ ಬಾಳೆಹಣ್ಣು ಸಾಕು. ಬೆಳಗ್ಗೆ ಮಾಡಿದ್ದನ್ನು ಸಂಜೆಗೆ ಇಡಕೂಡದು.

ಪ್ರಮಾಣ: ಆರು ತಿಂಗಳು ತುಂಬಿದಾಗ ಹೊತ್ತಿಗೆ ಎರಡು ಮೂರು ಚಮಚದಿಂದ ಆರಂಭಿಸಿ, ದಿನಕ್ಕೆ ಎರಡು ಮೂರು ಬಾರಿ ಕೊಡಿ. ಎಂಟನೆಯ ತಿಂಗಳ ಹೊತ್ತಿಗೆ ಹೊತ್ತಿಗೆ ಅರ್ಧ ಬಟ್ಟಲಿಗೆ ಬರಲಿ. ಒಂಬತ್ತರಿಂದ ಹನ್ನೊಂದು ತಿಂಗಳವರೆಗೆ ಅರ್ಧ ಬಟ್ಟಲಿನಂತೆ ಮೂರು ನಾಲ್ಕು ಬಾರಿ. ವರ್ಷ ತುಂಬಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು. ಇಲ್ಲಿ ಬಟ್ಟಲು ಎಂದರೆ 250 ಮಿ.ಲೀ. ಹಿಡಿಯುವುದು. ಸರಿಯೊಂದನ್ನೇ ಕೊಡುತ್ತ ಹೋಗದೆ ಬೇಯಿಸಿ ಹಿಸುಕಿದ ಸೊಪ್ಪು, ಗೆಣಸು, ಕುಂಬಳ, ಪಪಾಯಿ, ಚೆನ್ನಾಗಿ ಬೆಂದ ಮೊಟ್ಟೆ, ಮುದ್ದೆಯ ಜೊತೆ ಖಾರವಿಲ್ಲದ ಬೇಳೆಕಟ್ಟು ಒಂದೊಂದಾಗಿ ಅಭ್ಯಾಸ ಮಾಡಿಸಿ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದ್ದರೂ ಅದರ ಕಬ್ಬಿಣವೊಂದನ್ನೇ ನಂಬಬಾರದು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ದ್ರಾವಣವನ್ನು ತಪ್ಪಿಸಬೇಡಿ. ವರ್ಷ ತುಂಬುವ ಮುನ್ನ ಎದೆಹಾಲಿನ ಬದಲು ಹಸುವಿನ ಹಾಲನ್ನು ಕುಡಿಯಲು ಕೊಡಬೇಡಿ. ಭೇದಿಯಾದಾಗ ಹಾಲು ಊಟ ನಿಲ್ಲಿಸುವುದು ತಪ್ಪು, ಎದೆಹಾಲು, ಓ.ಆರ್.ಎಸ್. ಮತ್ತು ವೈದ್ಯರು ಹೇಳಿದ ಸತುವಿನ ಮಾತ್ರೆ ಕೊಟ್ಟು ಊಟ ಮುಂದುವರಿಸಿ.

ಡಬ್ಬದ ಆಹಾರದ ಮಾತು: ಅದು ವಿಷವೆಂದು ನಾನು ಹೇಳುವುದಿಲ್ಲ. ಆದರೆ ದುಬಾರಿಯಾದುದರಿಂದ ಹೆಚ್ಚು ದಿನ ಬರಲೆಂದು ತೆಳ್ಳಗೆ ಕಲಸುವ ಚಟ ಎಲ್ಲ ಮನೆಗಳಲ್ಲಿಯೂ ಇದೆ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ ಮತ್ತು ಶಿಶು ಆಹಾರದ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆ ನಿಷೇಧಿಸಿದೆ ಎಂಬುದನ್ನೂ ತಿಳಿದಿರಿ.

ಮಗುವಿನ ರಾಗಿ ಯಾವ ಚೀಲದಿಂದ?

ಬೇಸಾಯಶಾಸ್ತ್ರದವಳಾಗಿ ಒತ್ತಿ ಹೇಳಬೇಕಾದ ಮಾತು ಇದು. ಬಿತ್ತನೆಗೆಂದು ತಂದ ರಾಗಿಗೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಬಿತ್ತಿ ಉಳಿದ ಎರಡು ಸೇರು ಬೀಜ ‘ಚೆನ್ನಾಗಿ ಮೊಳೆಯುತ್ತದೆ’ ಎಂದು ಮಗುವಿನ ಸರಿಗೆ ಹಾಕುವುದು ಅತ್ಯಂತ ಅಪಾಯಕರ. ಎಷ್ಟು ತೊಳೆದರೂ ಅದು ಆಹಾರಕ್ಕೆ ಯೋಗ್ಯವಲ್ಲ; ದನ, ಕೋಳಿಗಳಿಗೂ ಹಾಕಬಾರದು. ಬೀಜೋಪಚಾರ ಮಾಡಿದ ಚೀಲವನ್ನು ಬೇರೆ ಜಾಗದಲ್ಲಿ ಗುರುತು ಹಾಕಿ ಇಡಿ.

ಕಣದಲ್ಲಿ ರಾಗಿ ತೂರಿದ ದಿನವೇ ಮಗುವಿಗೆಂದು 15–20 ಕೆ.ಜಿ. ತೆಗೆದು, ಚೆನ್ನಾಗಿ ಒಣಗಿಸಿ, ಶುಭ್ರವಾದ ಡ್ರಮ್ಮಿನಲ್ಲಿ ಬೇರೆಯಾಗಿ ತುಂಬಿ. ಕೀಟಗಳಿಗೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಜನ ಮಲಗುವ ಮನೆಯಲ್ಲಿ ಎಂದಿಗೂ ಉಪಯೋಗಿಸಬಾರದು. ಅದರ ಅನಿಲ ದೊಡ್ಡವರನ್ನೂ ಕೊಲ್ಲುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುವುದರಿಂದ ಅವನ್ನು ಮಗುವಿನ ಹಿಟ್ಟಿಗೆ ಸೇರಿಸಬೇಡಿ. ಔಷಧಿ ಡಬ್ಬಗಳನ್ನು ತೊಳೆದು ಹಾಲು, ಎಣ್ಣೆ ತುಂಬುವ ಅಭ್ಯಾಸ ಬಿಡಿ.

ಕಳೆ ತೆಗೆಯುವ ಕಾಲ

ಮುಂಗಾರಿನಲ್ಲಿ ಹುಟ್ಟುವ ಒಂದು ಚಿತ್ರ ನಮ್ಮೆಲ್ಲರಿಗೂ ಪರಿಚಿತ. ಬದುವಿನ ಹೊಂಗೆ ಮರಕ್ಕೆ ಸೀರೆಯ ಜೋಲಿ. ಅದರಲ್ಲಿ ಏಳೆಂಟು ತಿಂಗಳ ಕೂಸು. ತಾಯಿ ಸಾಲಿನ ಆ ತುದಿಯಲ್ಲಿ ಕುಡುಗೋಲು ಹಿಡಿದು ಕಳೆ ತೆಗೆಯುತ್ತಿದ್ದಾಳೆ. ಮಗು ಅಳುತ್ತದೆ, ಸಾಲು ಮುಗಿಯದೆ ಅವಳು ಬರುವಂತಿಲ್ಲ. ದಿನಕ್ಕೆ ಮೂರು ಬಾರಿ ಸರಿ ಮಾಡಿ ಕೊಡಿ ಎಂದು ನಾವು ಉಪದೇಶ ಮಾಡಬಹುದು. ಅವಳಿಗೆ ವೇಳೆ ಎಲ್ಲಿದೆ? ಎಷ್ಟೋ ಮಕ್ಕಳು ಹಿಂದೆ ಬೀಳುವುದು ಮನೆಯಲ್ಲಿ ರಾಗಿ ಇಲ್ಲದೆ ಅಲ್ಲ, ಉಣಿಸುವ ಕೈಗೆ ಬಿಡುವಿಲ್ಲದೆ.

ಇಲ್ಲಿ ಮನೆಯ ಯಜಮಾನ ಮಾಡಬೇಕಾದ ಕೆಲಸವಿದೆ. ಚೆಲ್ಲು ಬಿತ್ತನೆ ಬಿಟ್ಟು ಕೂರಿಗೆಯಿಂದ 30 ಸೆಂ.ಮೀ. ಅಂತರದ ಸಾಲುಗಳಲ್ಲಿ ಬಿತ್ತಿ. ಸಾಲಿದ್ದರೆ ಎಡೆಕುಂಟೆ ಆಡುತ್ತದೆ. ಬಿತ್ತಿದ ಮೂರು ವಾರದ ನಂತರ ಎರಡು ಸಲ ಎಡೆ ಹೊಡೆದರೆ ಸಾಲುಗಳ ನಡುವಿನ ಕಳೆ ಹೋಗಿ, ಕೈಗಳೆ ಸಾಲಿನೊಳಗಿನದಕ್ಕೆ ಮಾತ್ರ ಉಳಿಯುತ್ತದೆ. ಮೊದಲ ಐದಾರು ವಾರ ಕಳೆಯಿಲ್ಲದಿದ್ದರೆ ಬೆಳೆಗೂ ಲಾಭ, ಮಗುವಿಗೂ ಲಾಭ.

ತಾಯಿ ಹೊಲಕ್ಕೆ ಹೋಗಲೇಬೇಕಾದರೆ ಎದೆಹಾಲನ್ನು ಕೈ ತೊಳೆದು ಶುಭ್ರವಾದ ಸ್ಟೀಲು ಪಾತ್ರೆಗೆ ಹಿಂಡಿ ಮುಚ್ಚಿ ತಂಪಾದ ಜಾಗದಲ್ಲಿಡಲಿ. ನಾಲ್ಕು ಗಂಟೆಯೊಳಗೆ ಅಜ್ಜಿ ಒಳಲೆಯಿಂದ ಕುಡಿಸಬಹುದು. ಔಷಧಿ ಸಿಂಪಡಿಸಿದ ಹೊಲದಿಂದ ಬಂದವಳು ಮೈ ಕೈ ತೊಳೆದು ಸೀರೆ ಬದಲಿಸದೆ ಮಗುವನ್ನು ಎತ್ತಿಕೊಳ್ಳಬಾರದು; ಸಿಂಪಡಣೆಯ ದಿನ ಜೋಲಿ ಆ ಹೊಲದ ಹತ್ತಿರ ಇರಲೇಕೂಡದು. ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು ರಾಜ್ಯ ಸರ್ಕಾರ 2023ರ ಆಯವ್ಯಯದಲ್ಲಿ ಪ್ರಕಟಿಸಿತು. ನಿಮ್ಮ ಪಂಚಾಯ್ತಿಯಲ್ಲಿ ಅದು ನಡೆಯುತ್ತಿದ್ದರೆ ಉಪಯೋಗಿಸಿಕೊಳ್ಳಿ; ಇಲ್ಲವಾದರೆ ಗ್ರಾಮಸಭೆಯಲ್ಲಿ ಕೇಳಿ. ವಿಸ್ತರಣಾ ಕಾರ್ಯಕರ್ತರು ಬಿತ್ತನೆ ತರಬೇತಿಯ ದಿನವೇ ಅಂಗನವಾಡಿ ಕಾರ್ಯಕರ್ತೆಯನ್ನೂ ಕರೆದು ಮೊಳಕೆ ಹಿಟ್ಟಿನ ಪ್ರಾತ್ಯಕ್ಷಿಕೆ ಇಟ್ಟುಕೊಂಡರೆ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ವಿಷಯ ತಿಳಿಯುತ್ತದೆ.

ನೆನಪಿಡಬೇಕಾದ ಅಂಶಗಳು

• ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಾಲು. ಆರು ತಿಂಗಳು ಎದೆಹಾಲು ಮಾತ್ರ.

• ಹೊಕ್ಕುಳಿಗೆ ಏನನ್ನೂ ಹಚ್ಚಬೇಡಿ. ಮೂಗು ಕಿವಿಗೆ ಎಣ್ಣೆ ಬಿಡಬೇಡಿ.

• ಆರು ತಿಂಗಳು ತುಂಬಿದ ಮೇಲೆ ಮೊಳಕೆ ರಾಗಿ, ಮೊಳಕೆ ಹೆಸರಿನ ಸರಿ. ಚಮಚದಲ್ಲಿ ನಿಲ್ಲುವಷ್ಟು ಗಟ್ಟಿ.

• ಬೀಜೋಪಚಾರ ಮಾಡಿದ ಕಾಳು ಮನೆಯೊಳಗಿನ ಆಹಾರಕ್ಕೆ ಬರಕೂಡದು.

• ಸಾಲು ಬಿತ್ತನೆ, ಎಡೆಕುಂಟೆ, ಅಕ್ಕಡಿ ಸಾಲು: ಇವು ಮಗುವಿನ ಪೋಷಣೆಯ ಕೆಲಸಗಳೂ ಹೌದು.

• ಪ್ರತಿ ತಿಂಗಳು ತೂಕ ನೋಡಿಸಿ. ಲಸಿಕೆ ತಪ್ಪಿಸಬೇಡಿ. ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಉಸಿರು ವೇಗವಾದರೆ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕ್ಷೇತ್ರೋತ್ಸವದಲ್ಲಿ ಆ ಹೆಣ್ಣುಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟೇ: “ನಿಮ್ಮತ್ತೆ ಹೇಳಿದಂತೆ ಸರಿ ಮಾಡಮ್ಮ. ಆದರೆ ರಾಗಿ ಮೊಳಕೆ ಮಾಡು, ಹೆಸರು ಸೇರಿಸು, ಬಟ್ಟೇಲಿ ಹಿಂಡಬೇಡ, ನೀರು ಮಾಡಬೇಡ. ಡಬ್ಬದ ದುಡ್ಡಲ್ಲಿ ಮೊಟ್ಟೆ, ಹಣ್ಣು ತರೋಕೆ ನಿಮ್ಮನೆಯವರಿಗೆ ಹೇಳು.” ನಮ್ಮ ಮನೆಯಲ್ಲಿಯೂ ನಾವು ಮಾಡಿದ್ದು ಅದನ್ನೇ. ಮೊಳಕೆ ಕಟ್ಟುವ ಕೈಚಳಕ ನಮ್ಮತ್ತೆಯವರದು, ಅಳತೆ ನನ್ನದು, ಚಮಚದ ಪರೀಕ್ಷೆ ಅಂಗನವಾಡಿ ಕಾರ್ಯಕರ್ತೆಯದು. ಎರಡು ತಿಂಗಳಲ್ಲಿ ಕಾರ್ಡಿನ ಗೆರೆ ಮತ್ತೆ ಮೇಲಕ್ಕೆ ತಿರುಗಿತು.